ಒಂದೇ ಮನೆಯಲ್ಲಿ ಇಬ್ಬರು ಗರ್ಭಿಣಿಯರು: ಆಸ್ಪತ್ರೆ ಬದಲಿಸಿದರೆ ಸಾಕಾ?

ಪ್ರಶ್ನೆ: ನಾನು ಮೈಸೂರಿನ ಕುವೆಂಪುನಗರದವಳು. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ವಯಸ್ಸು 28, ಈಗ ಆರನೇ ತಿಂಗಳು, ಚೊಚ್ಚಲು. ಖಾಸಗಿ ಆಸ್ಪತ್ರೆಯಲ್ಲಿ ತೋರಿಸುತ್ತಿದ್ದೇನೆ. ನಮ್ಮ ಮನೆಗೆ ಕೆಲಸಕ್ಕೆ ಬರುವವರಿಗೂ ನನ್ನದೇ ವಯಸ್ಸು. ಅವರಿಗೆ ಐದನೇ ತಿಂಗಳು, ಎರಡನೇ ಮಗು. ನಾಲ್ಕು ಮನೆ ಕೆಲಸ ಮಾಡುತ್ತಾರೆ. ಚೆಲುವಾಂಬ ಆಸ್ಪತ್ರೆಯಲ್ಲಿ ತೋರಿಸುತ್ತಾರೆ. ರಕ್ತ 8.6 ಇದೆ ಅಂದರಂತೆ. "ಬೇರೆ ಮನೆಯವರಿಗೆ ಹೇಳ್ಬೇಡಿ ಅಕ್ಕ" ಅಂತ ನನಗೆ ಮಾತ್ರ ಹೇಳಿದ್ದಾರೆ. ನಮ್ಮ ಅತ್ತೆ, "ಅವರಿಗೆಲ್ಲ ಹೆರಿಗೆ ಸುಲಭ, ಕೆಲಸ ಮಾಡಿದ ಮೈ" ಅನ್ನುತ್ತಾರೆ. ಇದು ನಿಜವಾ? ಅವರನ್ನು ನನ್ನ ಆಸ್ಪತ್ರೆಗೇ ಸೇರಿಸಿ ಖರ್ಚು ನಾನೇ ನೋಡಿಕೊಳ್ಳಲಾ?

ಉತ್ತರ: ಅತ್ತೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ಈ ಮಾತು ಮನೆಮನೆಯಲ್ಲೂ ಇದೆ, ಹೆರಿಗೆ ವಾರ್ಡಿನಲ್ಲೂ ಕೇಳಿಸುತ್ತದೆ. ಅದರಿಂದ ಆಗುವ ಕೇಡು ಸಣ್ಣದಲ್ಲ.

ಗರ್ಭಿಣಿ ಓಡಾಡಬೇಕು, ಮೈ ಬಗ್ಗಿಸಬೇಕು ಅನ್ನುವುದು ಸರಿ. ನೀವು ಸಂಜೆ ಪಾರ್ಕಿನಲ್ಲಿ ಅರ್ಧ ಗಂಟೆ ನಡೆಯುತ್ತೀರಿ. ಸುಸ್ತಾದರೆ ಬೆಂಚಿನ ಮೇಲೆ ಕೂರುತ್ತೀರಿ. ಅವರಿಗೆ ಹಾಗೆ ಕೂರುವ ಅನುಕೂಲ ಇಲ್ಲ. ಬೆಳಗ್ಗೆ ಕಾಫಿಯೋ ಟೀಯೋ ಕುಡಿದು ಹೊರಡುತ್ತಾರೆ. ಮೊದಲ ಮನೆಯ ಪಾತ್ರೆ, ಎರಡನೇ ಮನೆಯ ಬಟ್ಟೆ, ಮೂರನೇ ಮನೆಯ ನೆಲ. ಬಕೆಟ್ ಎತ್ತಬೇಕು, ಮಹಡಿ ಹತ್ತಬೇಕು, ಗಂಟೆಗಟ್ಟಲೆ ನಿಲ್ಲಬೇಕು. ತುಂಬಾ ಹೊತ್ತು ನಿಂತು ಮಾಡುವ ಕೆಲಸ, ಭಾರ ಎತ್ತುವ ಕೆಲಸ ಇದ್ದವರಲ್ಲಿ ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಾಧ್ಯತೆ ಸ್ವಲ್ಪ ಜಾಸ್ತಿ ಎಂದು ಅಧ್ಯಯನಗಳು ಹೇಳುತ್ತವೆ. ಅದಕ್ಕೆ ರಕ್ತಹೀನತೆಯೂ ಸೇರಿದರೆ ಅಪಾಯ ಇನ್ನೂ ಏರುತ್ತದೆ. ಇನ್ನು ಅವರಿಗೆ "ಸುಲಭ" ಅಂತ ನಮಗೆ ಅನ್ನಿಸುವುದಕ್ಕೆ ಒಂದು ಕಾರಣ ಉಂಟು. ನೋವು ಅಂತ ಹೇಳಿಕೊಂಡರೆ ಕೇಳುವವರು ಯಾರೂ ಇಲ್ಲ ಎಂದು ಅವರು ಚಿಕ್ಕಂದಿನಲ್ಲೇ ಕಲಿತಿರುತ್ತಾರೆ. ಹಾಗಾಗಿ ಸುಮ್ಮನಿರುತ್ತಾರೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಆಸ್ಪತ್ರೆ ಬದಲಿಸುವ ವಿಷಯ. ಬೇಡ ಅನ್ನುವುದೇ ನನ್ನ ಸಲಹೆ. ಅವರಾಗಿಯೇ ಕೇಳಿದರೆ ಮಾತ್ರ ಯೋಚಿಸಿ.

ಕಾರಣ ಹೇಳುತ್ತೇನೆ. ಚೆಲುವಾಂಬ ಆಸ್ಪತ್ರೆ ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ್ದು. ಮೈಸೂರು ಮಾತ್ರ ಅಲ್ಲ, ಮಂಡ್ಯ, ಚಾಮರಾಜನಗರ, ಕೊಡಗಿನಿಂದಲೂ ಕಷ್ಟದ ಕೇಸುಗಳು ಅಲ್ಲಿಗೆ ಬರುತ್ತವೆ. ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಕೈಮೀರಿದಾಗ ಕಳಿಸುವುದೂ ಇಂಥ ದೊಡ್ಡ ಆಸ್ಪತ್ರೆಗಳಿಗೇ. ಹೆರಿಗೆಗೆ ಆಸ್ಪತ್ರೆ ನೋಡುವಾಗ ಗೋಡೆಯ ಬಣ್ಣ, ಎಸಿ ರೂಮು ನೋಡಬಾರದು. ರಾತ್ರಿ ಎರಡು ಗಂಟೆಗೂ ಅರಿವಳಿಕೆ ಡಾಕ್ಟರ್ ಸಿಗುತ್ತಾರಾ, ರಕ್ತ ಸಿಗುತ್ತದಾ, ತೂಕ ಕಡಿಮೆ ಇರುವ ಮಗುವನ್ನು ನೋಡಿಕೊಳ್ಳುವ ಘಟಕ ಇದೆಯಾ ಅನ್ನುವುದನ್ನು ನೋಡಬೇಕು. ಈ ಪ್ರಶ್ನೆಗಳನ್ನು ನಿಮ್ಮ ಆಸ್ಪತ್ರೆಯಲ್ಲೂ ಕೇಳಿ. ಪ್ಯಾಕೇಜಿನ ಕಾಗದದಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲ.

ಕರ್ನಾಟಕದಲ್ಲಿ ಈಗ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಆದರೂ 2018-20ರ ಲೆಕ್ಕದಲ್ಲಿ ನಮ್ಮಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ತೀರಿಕೊಂಡಿದ್ದಾರೆ. ಪಕ್ಕದ ಕೇರಳದಲ್ಲಿ 19. ದಕ್ಷಿಣದ ರಾಜ್ಯಗಳಲ್ಲಿ ನಮ್ಮದೇ ಜಾಸ್ತಿ. ಬಹುತೇಕ ಎಲ್ಲರೂ ಆಸ್ಪತ್ರೆ ತಲುಪುತ್ತಿದ್ದಾರೆ, ಆದರೂ ಇಷ್ಟು ಅಂತರ. ಇದಕ್ಕೆ ಒಂದೇ ಕಾರಣ ಇಲ್ಲ, ಆಸ್ಪತ್ರೆಯೊಳಗಿನ ಚಿಕಿತ್ಸೆಯ ಗುಣಮಟ್ಟವೂ ಇದರಲ್ಲಿ ಇದೆ. ಆದರೆ ಅಲ್ಲಿಗೆ ಬಂದ ಹೆಂಗಸಿನ ಮೈ ಹೇಗಿದೆ ಅನ್ನುವುದನ್ನೂ ನೋಡಲೇಬೇಕು. ಆ ಮೈ ಸಿದ್ಧವಾಗುವುದು ಹಿಂದಿನ ಒಂಬತ್ತು ತಿಂಗಳಲ್ಲಿ. ಅವರ ವಿಷಯದಲ್ಲಿ, ನಿಮ್ಮ ಅಡುಗೆಮನೆಯಲ್ಲೂ ಸ್ವಲ್ಪ.

8.6 ಅನ್ನುವ ಸಂಖ್ಯೆಯನ್ನೇ ನೋಡಿ. ಗರ್ಭಿಣಿಗೆ ಹಿಮೋಗ್ಲೋಬಿನ್ 11 ಇರಬೇಕು. 10ಕ್ಕಿಂತ ಕಡಿಮೆಯಾದರೆ ಮಧ್ಯಮ ರಕ್ತಹೀನತೆ, 7ಕ್ಕಿಂತ ಕಡಿಮೆಯಾದರೆ ತೀವ್ರ. ಹೆರಿಗೆಯ ನಂತರ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅದನ್ನು ಅಪಾಯದ ರಕ್ತಸ್ರಾವ ಅನ್ನುತ್ತೇವೆ. ಅದು ಯಾರಿಗೆ ಬೇಕಾದರೂ ಆಗಬಹುದು. 12 ಇದ್ದ ಹೆಂಗಸು ಅದನ್ನು ತಡೆದುಕೊಳ್ಳುವ ಹೊತ್ತಿಗೆ ಚಿಕಿತ್ಸೆ ಸಿಗುತ್ತದೆ. 7 ಅಥವಾ 8 ಇದ್ದವರಿಗೆ ಅಷ್ಟು ಸಮಯ ಇರುವುದಿಲ್ಲ. ಒಂದೇ ಆಸ್ಪತ್ರೆ, ಅದೇ ಡಾಕ್ಟರ್, ಅಷ್ಟೇ ರಕ್ತ ಹೋಗಿದೆ. ಆದರೂ ಫಲ ಬೇರೆ. ಬಡತನ ಹೆರಿಗೆ ಕೋಣೆಯೊಳಗೆ ಬರುವ ದಾರಿ ಇದು.

ರಕ್ತ ಯಾಕೆ ಕಡಿಮೆ? ಮಾತ್ರೆ ಕೊಟ್ಟಿಲ್ಲ ಅಂತಲ್ಲ. ಕಬ್ಬಿಣದ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ನಾಲ್ಕನೇ ತಿಂಗಳಿಂದ ಹೆರಿಗೆವರೆಗೆ ಕನಿಷ್ಠ 180 ದಿನ, ಆಮೇಲೆ ಮತ್ತೆ 180 ದಿನ ತೆಗೆದುಕೊಳ್ಳಬೇಕು. 8.6 ಇದ್ದವರಿಗೆ ದಿನಕ್ಕೆ ಎರಡು ಹೇಳುತ್ತಾರೆ. ಏರದಿದ್ದರೆ ಡ್ರಿಪ್‌ನಲ್ಲಿ ಕಬ್ಬಿಣ ಕೊಡುತ್ತಾರೆ, ಅದೂ ಪುಕ್ಕಟೆ. ತೊಂದರೆ ಎಲ್ಲಿ ಅಂದರೆ, ಮಾತ್ರೆ ತಗೊಂಡರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಗಾಗುತ್ತದೆ, ಮಲಬದ್ಧತೆ ಆಗುತ್ತದೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತಗೊಂಡು ನಾಲ್ಕು ಮನೆ ಕೆಲಸಕ್ಕೆ ಓಡುವವರಿಗೆ ವಾಂತಿ ಬಂದರೆ ನಾಳೆಯಿಂದ ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೆ. ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ ತಗೊಳ್ಳಲಿ. ಜೊತೆಗೆ ನಿಂಬೆರಸವೋ ಸೀಬೆಹಣ್ಣೋ ನೆಲ್ಲಿಕಾಯಿಯೋ ಇದ್ದರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಮಾತ್ರೆಗೂ ಊಟಕ್ಕೂ ಒಂದು ಗಂಟೆ ಹತ್ತಿರದಲ್ಲಿ ಕಾಫಿ, ಟೀ ಬೇಡ. ಜಂತುಹುಳದ ಮಾತ್ರೆ ಒಂದು ಸಲ ತಗೊಂಡಿದ್ದಾರಾ ಅಂತಲೂ ಕೇಳಿ, ನಾಲ್ಕನೇ ತಿಂಗಳ ನಂತರ ಅದನ್ನು ಕೊಡುತ್ತಾರೆ.

ಊಟದ ವಿಷಯ ಇನ್ನೂ ಸೂಕ್ಷ್ಮ. ಮುದ್ದೆ, ಸೊಪ್ಪಿನ ಸಾರು, ಬಸ್ಸಾರು, ಮೊಳಕೆ ಕಾಳು ಇರುವ ನಮ್ಮ ಕಡೆಯ ಊಟ ಚೆನ್ನಾಗಿಯೇ ಇದೆ. ಆದರೆ ಆ ಪಾತ್ರೆಯಲ್ಲಿ ಕೊನೆಗೆ ಉಳಿದದ್ದನ್ನು ಉಣ್ಣುವವರು ಯಾರು? ಸಾರಿನ ಕಾಳೆಲ್ಲ ಗಂಡ, ಮಕ್ಕಳ ತಟ್ಟೆಗೆ ಹೋಗಿ ಇವರಿಗೆ ತಿಳಿ ಉಳಿದಿರುತ್ತದೆ. ರಾಜ್ಯ ಸರ್ಕಾರ 2017ರಿಂದ ಮಾತೃಪೂರ್ಣ ಎಂಬ ಯೋಜನೆ ನಡೆಸುತ್ತಿದೆ. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನ ಬಿಸಿ ಊಟ, ಹಾಲು, ಮೊಟ್ಟೆ, ಚಿಕ್ಕಿ. ಒಳ್ಳೆಯ ಯೋಜನೆ, ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಊಟ ಬಡಿಸುವ ಹೊತ್ತಿಗೆ ನಾಲ್ಕು ಮನೆ ಕೆಲಸದವರು ಎಲ್ಲಿರುತ್ತಾರೆ? ಮೂರನೇ ಮನೆಯಲ್ಲಿ ನೆಲ ಒರೆಸುತ್ತಿರುತ್ತಾರೆ. ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಡಾಕ್ಟರಿಂದ ವಿಶೇಷ ತಪಾಸಣೆ ಇರುತ್ತದೆ. ಅದೂ ಹಾಗೇ. ಸಾಲಿನಲ್ಲಿ ನಿಂತು, ರಕ್ತ ಕೊಟ್ಟು, ಸ್ಕ್ಯಾನಿಂಗ್ ಮುಗಿಸುವಷ್ಟರಲ್ಲಿ ಒಂದು ದಿನ ಹೋಗುತ್ತದೆ. ನಿಮಗೆ ಆ ದಿನ ಅರ್ಧ ದಿನದ ರಜೆ. ಅವರಿಗೆ ನಾಲ್ಕು ಮನೆಯ ಮುಖ ಗಂಟು.

"ಬೇರೆ ಮನೆಯವರಿಗೆ ಹೇಳ್ಬೇಡಿ" ಅಂದದ್ದು ಇದಕ್ಕೇ. ಹೊಟ್ಟೆ ಕಾಣಿಸಿದ ದಿನವೇ ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ ಅನ್ನುವ ಭಯ. ಅದು ಬರೀ ಭಯ ಅಲ್ಲ, ಅನುಭವ.

ಇಲ್ಲಿ ಮೈಸೂರಿನವರೇ ತಿಳಿದಿರಬೇಕಾದ ಒಂದು ಅಧ್ಯಯನ ಇದೆ. ನಮ್ಮ ಊರಿನ ಮಿಷನ್ ಆಸ್ಪತ್ರೆ, ಅಂದರೆ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲವನ್ನೂ ಬರೆದಿಟ್ಟಿದ್ದರು. ಹಾಗೆ 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯನ್ನು ದೊಡ್ಡವರಾದ ಮೇಲೆ ಹುಡುಕಿ ಹೃದಯ ಪರೀಕ್ಷೆ ಮಾಡಿದರು. 1996ರಲ್ಲಿ ಫಲಿತಾಂಶ ಬಂತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರ ಪೈಕಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ. ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ನೂರಕ್ಕೆ 3. ಕಡಿಮೆ ತೂಕದ ತಾಯಿಗೆ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಕಾಯಿಲೆ ಎಲ್ಲರಿಗಿಂತ ಜಾಸ್ತಿ ಇತ್ತು. ಗರ್ಭಿಣಿಯ ತಟ್ಟೆಯಲ್ಲಿ ಕಡಿಮೆಯಾದದ್ದು ಐವತ್ತು ವರ್ಷದ ಮೇಲೂ ಲೆಕ್ಕಕ್ಕೆ ಬರಬಹುದು. ಆಮೇಲೆ ಅದೇ ಊರಿನಲ್ಲಿ ಗರ್ಭಿಣಿಯರ ಸಕ್ಕರೆ ಕಾಯಿಲೆ ಬಗ್ಗೆಯೂ ದೊಡ್ಡ ಅಧ್ಯಯನ ನಡೆಯಿತು. ಅದು ನಿಮಗೆ ಸಂಬಂಧಿಸಿದ್ದು. ಇಡೀ ದಿನ ಕುರ್ಚಿ ಕೆಲಸ, "ಇಬ್ಬರಿಗಾಗಿ ತಿನ್ನು" ಅಂತ ಸಿಹಿ ತುರುಕುವ ನೆಂಟರು. ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಯನ್ನು 24ರಿಂದ 28ನೇ ವಾರದೊಳಗೆ ಮಾಡಿಸಿ. ಅವರೂ ಮಾಡಿಸಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. ಇದು ಶ್ರೀಮಂತರ ಕಾಯಿಲೆ ಎಂಬ ಕಾಲ ಹೋಯಿತು.

ಹಣ ಇದ್ದವರ ಹೆರಿಗೆಗೆ ಬೇರೆ ತರದ ಅಪಾಯಗಳಿವೆ, ಅದನ್ನೂ ಹೇಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ 47 ಹೆರಿಗೆ ಸಿಸೇರಿಯನ್. ಸರ್ಕಾರಿ ಆಸ್ಪತ್ರೆಗಳಲ್ಲಿ 14. ಕಷ್ಟದ ಕೇಸುಗಳು ಸರ್ಕಾರಿ ಆಸ್ಪತ್ರೆಗೇ ಹೆಚ್ಚು ಹೋಗುತ್ತವೆ ಅನ್ನುವುದನ್ನು ನೆನಪಿಟ್ಟು ಈ ಎರಡು ಸಂಖ್ಯೆ ನೋಡಿ. ಸಿಸೇರಿಯನ್ ಜೀವ ಉಳಿಸುವ ಆಪರೇಷನ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳ್ಳೆ ನಕ್ಷತ್ರ, ಡಾಕ್ಟರ ರಜೆ, "ನೋವು ತಿನ್ನೋದು ಯಾಕೆ" ಅನ್ನುವ ಮನೆಯವರ ಒತ್ತಾಯ, ಇವು ಕಾರಣಗಳಲ್ಲ. ಮುಂದಿನ ಗರ್ಭದಲ್ಲಿ ಕಸ, ಅಂದರೆ ಮಾಸು, ಗರ್ಭಕೋಶದ ಗಾಯಕ್ಕೆ ಅಂಟಿಕೊಳ್ಳುವಂಥ ತೊಂದರೆಗಳು ಒಂದೊಂದು ಆಪರೇಷನ್ನಿಗೂ ಹೆಚ್ಚುತ್ತವೆ. ನಿಮ್ಮ ಡಾಕ್ಟರನ್ನು ನೇರವಾಗಿ ಕೇಳಿ: ನಿಮ್ಮಲ್ಲಿ ಚೊಚ್ಚಲು ಹೆರಿಗೆಗಳಲ್ಲಿ ಸಿಸೇರಿಯನ್ ಎಷ್ಟು, ಯಾವ ಕಾರಣಕ್ಕೆ ನನಗೆ ಮಾಡುತ್ತೀರಿ? ಕೇಳುವ ಧೈರ್ಯ ನಿಮಗಿದೆ. ನಿಮಗೆ ಅಲ್ಲಿ "ನೀವು, ಮೇಡಂ" ಅನ್ನುತ್ತಾರೆ. ನೀವು ಕುರ್ಚಿಯಲ್ಲಿ ಕೂತು ಕೇಳುತ್ತೀರಿ.

ಬಡ ಹೆಂಗಸರಿಗೆ ಈ ಕೇಳುವ ಜಾಗವೇ ಸಿಗುವುದಿಲ್ಲ. ಏಕವಚನ, ಗದರಿಕೆ, ಏನು ಚುಚ್ಚಿದರು ಅಂತ ಹೇಳದೆ ಚುಚ್ಚುವುದು, ಮಗು ಹುಟ್ಟಿದ ಮೇಲೆ ಕೆಲವು ಕಡೆ "ಖುಷಿಗೆ" ಅಂತ ಕೈಯೊಡ್ಡುವುದು. ಜನದಟ್ಟಣೆ ಇದೆ, ಸಿಬ್ಬಂದಿ ಕಡಿಮೆ ಇದ್ದಾರೆ, ನರ್ಸ್‌ಗಳು ಕೂರದೆ ದುಡಿಯುತ್ತಾರೆ. ಎಲ್ಲ ನಿಜ. ಆದರೂ ಗದರುವುದು ಚಿಕಿತ್ಸೆ ಅಲ್ಲ. ಒಂದು ಸಲ ಬೈಸಿಕೊಂಡವರು ಮುಂದಿನ ಸಲ ತಲೆನೋವು ಬಂದರೂ ಹೇಳುವುದಿಲ್ಲ. ಆ ತಲೆನೋವು ಬಿಪಿ ಏರಿದ್ದರ ಸೂಚನೆ ಆಗಿರಬಹುದು. ಹೆರಿಗೆ ಕೋಣೆಯಲ್ಲಿ ಜೊತೆಗೆ ಒಬ್ಬ ಹೆಂಗಸು ಇರಬಹುದು ಎಂದು ಕೇಂದ್ರ ಸರ್ಕಾರ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಿಗೂ ಹೇಳಿದೆ. ಅವರ ಅಮ್ಮನೋ ಅತ್ತಿಗೆಯೋ ಜೊತೆಗಿರಲಿ. ಮೊದಲೇ ಹೇಳಿಟ್ಟುಕೊಳ್ಳಲಿ. ದುಡ್ಡು ಕೇಳಿದರೆ 104ಕ್ಕೆ ಫೋನ್ ಮಾಡಿ ದೂರು ಕೊಡಬಹುದು. 2011ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಮನೆಗೆ ವಾಪಸ್ ಬಿಡುವ ಗಾಡಿ ಎಲ್ಲವೂ ಪೂರ್ತಿ ಉಚಿತ.

ಮಂಡ್ಯ ಕಡೆಗೆ ಹೋದರೆ ಇದೇ ವಿಷಯಕ್ಕೆ ಇನ್ನೊಂದು ಮುಖ. ಒಂದೆರಡು ಎಕರೆ ಕಬ್ಬು ಇರುವ ಮನೆಯವರು ಸೊಸೆಯನ್ನು ಖಾಸಗಿಗೇ ಸೇರಿಸುತ್ತಾರೆ, ಸರ್ಕಾರಿ ಅಂದರೆ ಬೀಗರ ಮುಂದೆ ಮರ್ಯಾದೆ ಪ್ರಶ್ನೆ. ಕಬ್ಬಿನ ಬಿಲ್ ಬಂದಿರುವುದಿಲ್ಲ, ಒಡವೆ ಗಿರವಿಗೆ ಹೋಗುತ್ತದೆ. ಮದ್ದೂರು, ಶ್ರೀರಂಗಪಟ್ಟಣದ ಕಡೆ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿಗೆ ಇಎಸ್ಐ (ಕಾರ್ಮಿಕರ ವಿಮೆ) ಇದ್ದರೆ 26 ವಾರ ಸಂಬಳ ಸಿಗುತ್ತದೆ. ಗೊತ್ತಿಲ್ಲದೆ ಐದನೇ ತಿಂಗಳಿಗೇ ಕೆಲಸ ಬಿಟ್ಟವರೂ ಇದ್ದಾರೆ. ಹೊರ ಜಿಲ್ಲೆಯಿಂದ ಕಬ್ಬು ಕಡಿಯಲು ಬರುವ ಗುಂಪಿನ ಗರ್ಭಿಣಿಯರದ್ದು ಎಲ್ಲರಿಗಿಂತ ಕಷ್ಟ. ತಪಾಸಣೆ ಬರೆದಿಡುವ ತಾಯಿ ಕಾರ್ಡ್ ಒಂದು ಊರಲ್ಲಿ, ಅವರು ಇನ್ನೊಂದು ಊರಿನ ಗದ್ದೆ ಬದುವಿನಲ್ಲಿ.

ನಿಮ್ಮ ಮನೆಗೆ ಮತ್ತೆ ಬರೋಣ. ನೀವು ಮಾಡಬಹುದಾದ ದೊಡ್ಡ ಸಹಾಯ ಆಸ್ಪತ್ರೆ ಬಿಲ್ ಅಲ್ಲ. ಸಂಬಳ ಸಹಿತ ರಜೆ.

1961ರ ಹೆರಿಗೆ ಸೌಲಭ್ಯ ಕಾಯ್ದೆಯನ್ನು 2017ರಲ್ಲಿ ತಿದ್ದಿ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದರು. ಅದು ಸಿಗುವುದು ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ. ನಿಮಗೆ ಸಿಗುತ್ತದೆ. ನಿಮ್ಮ ಮನೆಯಲ್ಲಿ ಕೆಲಸ ಮಾಡುವವರಿಗೆ ಈ ಕಾನೂನು ಏನೂ ಕೊಡುವುದಿಲ್ಲ. 26 ವಾರ ಅಂದರೆ ಆರು ತಿಂಗಳು. ಮಗುವಿಗೆ ಆರು ತಿಂಗಳು ಎದೆಹಾಲು ಮಾತ್ರ ಕೊಡಿ, ನೀರೂ ಬೇಡ ಅಂತ ನಾವು ಡಾಕ್ಟರುಗಳು ಎಲ್ಲ ತಾಯಂದಿರಿಗೂ ಒಂದೇ ಬಾಯಲ್ಲಿ ಹೇಳುತ್ತೇವೆ. ಒಂದೂವರೆ ತಿಂಗಳಿಗೇ ಪಾತ್ರೆ ತೊಳೆಯಲು ಹೋಗಬೇಕಾದ ತಾಯಿ ಅದನ್ನು ಹೇಗೆ ಪಾಲಿಸಬೇಕು? ಅಜ್ಜಿಯ ಹತ್ತಿರ ಮಗು, ಬಾಟಲಿಯಲ್ಲಿ ನೀರು ಬೆರೆಸಿದ ಹಾಲು, ಆಮೇಲೆ ಭೇದಿ. ತಾಯಿಗೆ ತಿಳಿವಳಿಕೆ ಇಲ್ಲ ಅಂತ ನಾವು ಬರೆದುಕೊಳ್ಳುತ್ತೇವೆ. ಅವರಿಗೆ ಎಲ್ಲ ಗೊತ್ತಿರುತ್ತದೆ, ಇಲ್ಲದಿರುವುದು ರಜೆ.

ನೀವು ಕೊಡುವ ತಿಂಗಳ ಸಂಬಳವನ್ನು ಆರರಿಂದ ಗುಣಿಸಿ. ನಿಮ್ಮ ಹೆರಿಗೆ ಪ್ಯಾಕೇಜಿನ ಪಕ್ಕ ಇಟ್ಟು ನೋಡಿ. ಬಹುಶಃ ಎಷ್ಟೋ ಕಡಿಮೆ ಇರುತ್ತದೆ. ಉಳಿದ ಮೂರು ಮನೆಯವರೂ ಸೇರಿದರೆ ಅವರಿಗೆ ಪೂರ್ತಿ ಆರು ತಿಂಗಳ ಸಂಬಳ. ಆದರೆ ಅವರ ಒಪ್ಪಿಗೆ ಇಲ್ಲದೆ ಯಾರ ಮನೆಗೂ ಹೋಗಿ ಹೇಳಬೇಡಿ. ಅವರು ಹೂಂ ಅಂದರೆ, ಅವರ ಜೊತೆಗೇ ಹೋಗಿ "ನಾನು ಹೀಗೆ ಕೊಡುತ್ತಿದ್ದೇನೆ, ನೀವೂ ಕೊಡಿ" ಅನ್ನಿ. ಬೇಡ ಅಂದರೆ ನಿಮ್ಮ ಪಾಲು ನೀವು ಕೊಡಿ.

ಈಗಿನಿಂದಲೇ ಬಕೆಟ್ ಎತ್ತುವುದು, ಸ್ಟೂಲ್ ಹತ್ತಿ ಜೇಡರ ಬಲೆ ಹೊಡೆಯುವುದು, ಕುಕ್ಕರಗಾಲಲ್ಲಿ ನೆಲ ಒರೆಸುವುದು ಬಿಡಿಸಿ. ಕೂತು ಮಾಡುವ ಕೆಲಸ ಕೊಡಿ. ಬಂದ ತಕ್ಷಣ ಇಬ್ಬರೂ ಒಟ್ಟಿಗೆ ತಿಂಡಿ ತಿನ್ನಿ, ಒಂದೇ ಮೇಜಿನಲ್ಲಿ, ಒಂದೇ ತರದ ತಟ್ಟೆಯಲ್ಲಿ. ನಿನ್ನೆಯದು ಉಳಿದಿದೆ ಅಂತ ಕೊಡುವುದು ಊಟ ಹಾಕಿದಂತಲ್ಲ. 9ನೇ ತಾರೀಕು ರಜೆ ಕೊಡಿ, ಸಂಬಳ ಹಿಡಿಯಬೇಡಿ.

ಸರ್ಕಾರದ ಹಣದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಪ್ರಧಾನ ಮಂತ್ರಿ ಮಾತೃ ವಂದನಾದಲ್ಲಿ ಮೊದಲ ಮಗುವಿಗೆ 5000 ರೂಪಾಯಿ, ಎರಡನೆಯದು ಹೆಣ್ಣಾದರೆ 6000. ಬಿಪಿಎಲ್ ಅಥವಾ ಅಸಂಘಟಿತ ಕಾರ್ಮಿಕರ ಇ-ಶ್ರಮ್ ಕಾರ್ಡ್ ಇದ್ದರೂ ಆಗುತ್ತದೆ. ಅಂಗನವಾಡಿಯಲ್ಲಿ ವಿಚಾರಿಸಲಿ. ಅವರ ಗಂಡ ಕಟ್ಟಡ ಕೆಲಸದವರಾಗಿದ್ದರೆ ಕಾರ್ಮಿಕ ಮಂಡಳಿಯ ಕಾರ್ಡ್ ಯಾರ ಹೆಸರಲ್ಲಿದೆ ನೋಡಿ. ಮಂಡಳಿಯ ಹೆರಿಗೆ ನೆರವು ನೋಂದಾಯಿತ ಮಹಿಳಾ ಕಾರ್ಮಿಕರಿಗೆ.

ಇಬ್ಬರೂ ಒಂದು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿ. ರಕ್ತ ಹೋದರೆ, ನೀರು ಒಡೆದರೆ, ಬಿಡದ ತಲೆನೋವು ಬಂದರೆ, ಕಣ್ಣು ಮಂಜಾದರೆ, ಮುಖ ಊದಿದರೆ, ಜ್ವರ ಬಂದರೆ, ಮಗು ಆಡುವುದು ಕಡಿಮೆಯಾದರೆ ಕಾಯಬಾರದು. 108ಕ್ಕೆ ಫೋನ್. ಅವರ ಮನೆಯಲ್ಲಿ ರಾತ್ರಿ ಫೋನ್ ಯಾರ ಹತ್ತಿರ ಇರುತ್ತದೆ ಅನ್ನುವುದನ್ನೂ ಕೇಳಿ. ಗಂಡ ನೈಟ್ ಡ್ಯೂಟಿಗೆ ಫೋನ್ ತಗೊಂಡು ಹೋದರೆ ಆ ಚೀಟಿಯಿಂದ ಉಪಯೋಗ ಇಲ್ಲ.

ಕೊನೆಗೆ ನೀವು ಕೇಳದ ಒಂದು ವಿಷಯ. ನಿಮ್ಮ ಹೆರಿಗೆ ಅವರಿಗಿಂತ ಒಂದು ತಿಂಗಳು ಮೊದಲು. ನೀವು ಬಾಣಂತಿಯಾಗಿ ಮಲಗಿದಾಗ ನಿಮ್ಮ ಮನೆಯಲ್ಲಿ ಕೆಲಸ ಎರಡರಷ್ಟಾಗುತ್ತದೆ. ಎಣ್ಣೆ ಸ್ನಾನಕ್ಕೆ ಬಿಸಿನೀರು ಹೊರಬೇಕು, ಮಗುವಿನ ಬಟ್ಟೆ ಒಗೆಯಬೇಕು, ನೋಡಲು ಬಂದವರ ಕಾಫಿ ಲೋಟ ತೊಳೆಯಬೇಕು. ಆಗ ಅವರಿಗೆ ಎಂಟು ತುಂಬಿ ಒಂಬತ್ತು ನಡೆಯುತ್ತಿರುತ್ತದೆ. "ಈ ಒಂದು ತಿಂಗಳು ಹೇಗಾದ್ರೂ ಬಾ" ಅಂತ ನಿಮ್ಮ ಮನೆಯವರು ಕೇಳುತ್ತಾರೆ, ಅವರು ಇಲ್ಲ ಅನ್ನಲಾರರು. ಆದ್ದರಿಂದ ಬದಲಿ ಜನವನ್ನು ಈ ತಿಂಗಳೇ ಗೊತ್ತು ಮಾಡಿ. ಅವರ ನೆಂಟರಲ್ಲೋ ಅಕ್ಕಪಕ್ಕದಲ್ಲೋ ಯಾರಾದರೂ ಇದ್ದಾರಾ ಅಂತ ಅವರನ್ನೇ ಕೇಳಿ. ಬದಲಿಗೆ ಬರುವವರಿಗೆ ಮೊದಲ ದಿನವೇ ತಿಳಿಸಿ: ಇದು ಇಷ್ಟು ತಿಂಗಳ ಕೆಲಸ, ಆಮೇಲೆ ಹಳಬರೇ ಬರುತ್ತಾರೆ. ಅದನ್ನು ಅತ್ತೆಯವರ ಎದುರಿಗೇ ಹೇಳಿ.